ಬೀಗ ಹಾಕಿದ ನೂರ ಮೂವತ್ತೇಳು ಮನೆಗಳು

ಫೆಬ್ರವರಿ ೯, ಭಾನುವಾರ

ಪ್ರೀತಿಯ ಪುಟ್ಟಿಗೆ,

ಅಕ್ಕನ ಆಶೀರ್ವಾದಗಳು. ಐವತ್ತೈದು ತುಂಬಿದ, ಕೈಕೆಳಗೆ ಎಪ್ಪತ್ತು ಜನರನ್ನಿಟ್ಟುಕೊಂಡ ಅಧಿಕಾರಿಯನ್ನು ಇನ್ನೂ ಪುಟ್ಟಿ ಅನ್ನುತ್ತಾಳಲ್ಲ ಎಂದು ಮೂಗು ಮುರಿಯಬೇಡ. ನಿನಗೆ ಎಂಬತ್ತಾದಾಗ ನಾನು ಎಂಬತ್ತೇಳರ ಅಕ್ಕನಾಗಿ ಹೀಗೇ ಕರೆಯುವವಳು.

ಐದು ತಿಂಗಳಿಂದ ನಿನಗೆ ಒಂದು ಸಾಲು ಬರೆದಿಲ್ಲ. ತಪ್ಪು ನನ್ನದೇ, ಬೈದುಬಿಡು. ನಿನ್ನ ಎರಡು ಕಾಗದ ಬಂದಿವೆ, ಎರಡನ್ನೂ ಎರಡೆರಡು ಸಲ ಓದಿದ್ದೇನೆ. ಉತ್ತರ ಬರೆಯಲು ಕೂತರೆ ಮೊದಲ ವಾಕ್ಯಕ್ಕೇ ಸಿಕ್ಕಿಕೊಳ್ಳುತ್ತಿದ್ದೆ. ಫೋನಾದರೂ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನಾನೊಂದು ಮಾತು ಮುಗಿಸುವಷ್ಟರಲ್ಲಿ ನೀನು ನಾಲ್ಕು ಸಲ ಬಾಯಿ ಹಾಕುತ್ತೀಯ. ಈಗ ಹೇಳಬೇಕಾಗಿರುವುದನ್ನು ಯಾರಾದರೂ ಮಧ್ಯೆ ಬಾಯಿ ಹಾಕಿದರೆ ನಾನು ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ, ಅದಕ್ಕೇ ಕಾಗದ.

ನಿನ್ನ ಭಾವ ಆರೋಗ್ಯವಾಗಿದ್ದಾರೆ. ನಿವೃತ್ತಿಯಾದ ಮೇಲೆ ಮನೆಯ ನಲ್ಲಿಗಳನ್ನು ರಿಪೇರಿ ಮಾಡುವ ಹುಚ್ಚು ಹತ್ತಿದೆ. ಮೊದಲು ಒಂದು ನಲ್ಲಿ ಸೋರುತ್ತಿತ್ತು, ಈಗ ನಾಲ್ಕು ಸೋರುತ್ತವೆ. ಪ್ಲಂಬರನ್ನು ಕರೆಯೋಣ ಅಂದರೆ ಮುಖ ಊದಿಸಿಕೊಳ್ಳುತ್ತಾರೆ. ಬಕೆಟ್ಟುಗಳ ನಡುವೆ ಸಂಸಾರ ಸಾಗುತ್ತಿದೆ.

ನನ್ನ ಸಮಾಚಾರಕ್ಕೆ ಬರುತ್ತೇನೆ. ಹಳೇ ಗಿರಣಿಯ ಹಿಂದೆ ಒಂದು ದಟ್ಟವಾದ ಬಡಾವಣೆ ಇದೆ, ಸಾವಿರದ ನೂರು ಮನೆ. ಒಬ್ಬರ ಕಿಟಕಿ ತೆರೆದರೆ ಇನ್ನೊಬ್ಬರ ಅಡುಗೆಮನೆ. ಗಿರಣಿಯ ಜಾಗ ಬೇಕಾಗಿದೆಯಂತೆ, ಹಾಗಾಗಿ ಆ ಅಷ್ಟೂ ಜನರನ್ನು ನಗರದ ಅಂಚಿಗೆ ಸಾಗಿಸುವ ಯೋಜನೆ ತಯಾರಾಗಿದೆ. ಎಷ್ಟು ದೂರ ಎಂದು ಕೇಳು. ಸರಿಯಾಗಿ ಒಂಬತ್ತು ಕಿಲೋಮೀಟರ್. ಯಾಕೆ ಒಂಬತ್ತು ಎಂದು ಕೇಳುವ ಅಗತ್ಯ ನಿನಗಿಲ್ಲ.

ನಗರದ ಕಚೇರಿಯಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ ಪುಟ್ಟೀ. ನಾನು ಮೆಟ್ಟಿಲು ಹತ್ತುತ್ತಿದ್ದರೆ ಜವಾನನೇ "ಒಂಬತ್ತು ಕಿಲೋಮೀಟರ್ ಮೇಡಂ ಬಂದ್ರು" ಎಂದು ಒಳಗೆ ಕೂಗುತ್ತಾನೆ. ಮೂವತ್ತಮೂರು ವರ್ಷದ ಹಿಂದೆ ನನ್ನ ಪ್ರಬಂಧದಲ್ಲಿ ಬರೆದಿದ್ದೆನಲ್ಲ, ಒಂದು ಬಡಾವಣೆಯನ್ನು ಒಂಬತ್ತು ಕಿಲೋಮೀಟರ್ ಒಳಗೆ ಎಲ್ಲಿಗೆ ಸ್ಥಳಾಂತರಿಸಿದರೂ ಮೂರು ವರ್ಷದಲ್ಲಿ ಜನರ ಆದಾಯ ಮೊದಲಿನಷ್ಟಾಗುತ್ತದೆ, ಅದಕ್ಕಿಂತ ಸ್ವಲ್ಪ ಹೆಚ್ಚೇ ಆಗುತ್ತದೆ ಎಂದು. ಅದು ಮೊದಲು ಲೇಖನವಾಯಿತು, ಆಮೇಲೆ ಪಠ್ಯಪುಸ್ತಕದ ಪಾಠವಾಯಿತು, ಆಮೇಲೆ ನಿಯಮವಾಯಿತು. ಆ ನಿಯಮದ ಮೇಲೆ ಇದುವರೆಗೆ ಹದಿನಾಲ್ಕು ಬಡಾವಣೆ ಎತ್ತಿದ್ದಾರೆ. ಪ್ರತಿ ವರ್ಷ ಪರೀಕ್ಷೆಯಲ್ಲಿ ಅದೇ ಹತ್ತು ಅಂಕದ ಪ್ರಶ್ನೆ. ನಾನೇ ಪಾಠ ಮಾಡಿ, ನಾನೇ ಪ್ರಶ್ನೆ ಕೇಳಿ, ನಾನು ಹೇಳಿದ್ದನ್ನೇ ಬರೆದವರಿಗೆ ನಾನೇ ಅಂಕ ಕೊಡುತ್ತೇನೆ. ಗಾಣದೆತ್ತಿಗೂ ಆಗಾಗ ವಿಶ್ರಾಂತಿ ಸಿಗುತ್ತದೆ.

ಹಳೇ ಗಿರಣಿಯ ಯೋಜನೆಗೆ ನಾನು ತಜ್ಞ ಸದಸ್ಯೆ. ಮಾರ್ಚ್ ಇಪ್ಪತ್ತೆಂಟಕ್ಕೆ ಕೊನೆಯ ಸಭೆ. ಅವತ್ತು ನಾನು ಅಭಿಪ್ರಾಯಕ್ಕೆ ಸಹಿ ಹಾಕಿದರೆ ಏಪ್ರಿಲ್‌ನಲ್ಲಿ ಲಾರಿಗಳು ಹೋಗುತ್ತವೆ. ಹಾಕುವುದು ಎಷ್ಟರ ಮಾತು ಎಂದು ಡಿಸೆಂಬರ್‌ವರೆಗೆ ಅಂದುಕೊಂಡಿದ್ದೆ.

ಡಿಸೆಂಬರ್‌ನಲ್ಲಿ ಗುಮಾಸ್ತ ಬಂದ. ಗುಮಾಸ್ತ ಅಂದರೆ ನನ್ನ ಕೊನೆಯ ಸಂಶೋಧನಾ ವಿದ್ಯಾರ್ಥಿ. ನಲವತ್ತನಾಲ್ಕು ವಯಸ್ಸು, ತೆರಿಗೆ ಕಚೇರಿಯಲ್ಲಿ ಕೆಲಸ, ಸಂಜೆ ಐದೂವರೆಗೆ ಊಟದ ಡಬ್ಬಿ ಸಮೇತ ನನ್ನ ಕೋಣೆಗೆ ಬರುತ್ತಾನೆ. ಬುದ್ಧಿ ನಿಧಾನ, ಆದರೆ ಹಿಡಿದದ್ದನ್ನು ಬಿಡುವ ಪೈಕಿ ಅಲ್ಲ. ಸ್ಥಳಾಂತರಗೊಂಡ ಬಡಾವಣೆಗಳ ಮನೆ ತೆರಿಗೆ ಅವನ ವಿಷಯ. ನಮ್ಮ ಹಳೆಯ ಸಮೀಕ್ಷೆಯ ನಮೂನೆಗಳು ವಿಭಾಗದ ಉಗ್ರಾಣದಲ್ಲಿ ಕೊಳೆಯುತ್ತಿದ್ದವು, ನೋಡಿಕೋ ಎಂದು ನಾನೇ ಬೀಗದ ಕೈ ಕೊಟ್ಟಿದ್ದೆ. ನಿನ್ನ ದುಂಡು ಅಕ್ಷರದ ನಾನೂರು ನಮೂನೆ. ಅವನು ಆ ಮನೆ ನಂಬರುಗಳನ್ನು ತೆರಿಗೆ ಪುಸ್ತಕದ ಪಕ್ಕದಲ್ಲಿಟ್ಟು ಒಂದೊಂದಾಗಿ ಹೊಂದಿಸಿದ್ದಾನೆ.

"ಮೇಡಂ, ತಪ್ಪು ತಿಳ್ಕೋಬೇಡಿ," ಅಂದ. ಹಾಗೆ ಶುರು ಮಾಡಿದವರು ಯಾವಾಗಲೂ ತಲೆಯ ಮೇಲೆ ಕಲ್ಲು ಹಾಕುತ್ತಾರೆ. "ಮೊದಲನೇ ವರ್ಷ ನಾನೂರು ಮನೆ ಕೇಳಿದೀರಿ. ಮೂರು ವರ್ಷ ಬಿಟ್ಟು ಮತ್ತೆ ನಾನೂರು ಮನೆ ಕೇಳಿದೀರಿ. ಆದ್ರೆ ಅವೇ ನಾನೂರಲ್ಲ."

"ಅಂದ್ರೆ?"

"ನೂರ ಮೂವತ್ತೇಳು ಮನೆಗೆ ಬೀಗ ಇತ್ತು ಅಂತ ಬರೆದಿದೆ. ಮೂರು ಸಲ ತಟ್ಟಿದ ಗುರುತೂ ಇದೆ. ಆಮೇಲೆ ಬಲಗಡೆ ಪಕ್ಕದ ಮನೆಯವರನ್ನ ಕೇಳಿ ಲೆಕ್ಕ ತುಂಬಿದೆ."

"ಅದು ಸಮೀಕ್ಷೆಯ ನಿಯಮ ಕಣಪ್ಪ."

"ಹೌದು ಮೇಡಂ. ಆದ್ರೆ ಆ ಪಕ್ಕದ ಮನೆಗಳಲ್ಲಿ ನೂರ ಹದಿನೆಂಟು ಮನೆ ಅಷ್ಟರಲ್ಲಿ ಕೈ ಬದಲಾಗಿದ್ವು. ತೆರಿಗೆ ಪುಸ್ತಕದಲ್ಲಿ ಹೆಸರೇ ಬೇರೆ. ಹೊರಗಿಂದ ಬಂದು ಕೊಂಡ್ಕೊಂಡವರು. ಒಬ್ಬ ಡ್ರೈವರು, ಒಬ್ಬ ಮೇಷ್ಟ್ರು, ಒಬ್ಬ ಸ್ವಂತ ಮಿಲ್ಲಿನವನು."

ನಿನಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ನನಗೇ ನಾನು ಹೇಳಿಕೊಳ್ಳುತ್ತೇನೆ. ಅಲ್ಲಿ ಬದುಕಲಾಗದವರು ಬೀಗ ಹಾಕಿಕೊಂಡು ಹೊರಟುಹೋದರು. ಅನುಕೂಲವಿದ್ದವರು ಬಂದು ಸೇರಿದರು. ನಾನು ಹೋದವರನ್ನು ಬಿಟ್ಟು ಬಂದವರನ್ನು ಎಣಿಸಿ, ನೋಡಿ ಜನ ಉದ್ಧಾರವಾದರು ಎಂದು ಬರೆದೆ. ಬಡವರ ಆದಾಯ ಏರಲಿಲ್ಲ ಪುಟ್ಟೀ. ಬಡವರು ಲೆಕ್ಕದಿಂದಲೇ ಹೊರಗೆ ಹೋದರು, ಅಷ್ಟೆ.

ಅವನಿಗೆ ಚಹಾ ಕೊಡಿಸಿದೆ. ಇದನ್ನು ಯಾರಿಗಾದರೂ ಹೇಳಿದ್ದೀಯಾ ಎಂದು ಕೇಳಿದೆ. ಇಲ್ಲ ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಪ್ರಶ್ನೆ. ಅವನು ತಲೆ ಬಗ್ಗಿಸಿ ಚಹಾ ಕುಡಿದ.

ಆ ಎರಡನೇ ಸಮೀಕ್ಷೆ ನಿನಗೆ ನೆನಪಿದೆಯಾ? ನಾನೂರು ಮನೆಯ ಬಾಗಿಲನ್ನೂ ತಟ್ಟಿದವಳು ನೀನೊಬ್ಬಳೇ. ನಾನು ಲೈಬ್ರರಿಯಲ್ಲಿ ಕೂತಿದ್ದೆ. ಆ ಬೀಗದ ಮನೆಗಳ ಬಗ್ಗೆ ನಿನಗೆ ಏನು ನೆನಪಿದೆಯೋ ಅಷ್ಟೂ ಬರೆ. ಬೇಗ ಬರೆ.

ನಿನ್ನ ಮಂಡಿನೋವು ಈಗ ಹೇಗಿದೆ? ಮೆಟ್ಟಿಲು ಹತ್ತಬೇಡ.

ನಿನ್ನ
ಅಕ್ಕ


ಮಾರ್ಚ್ ೨, ಭಾನುವಾರ

ಪ್ರೀತಿಯ ಪುಟ್ಟಿಗೆ,

ಆಶೀರ್ವಾದ. ನಿನ್ನ ಕಾಗದ ಎಂಟೇ ದಿನಕ್ಕೆ ಬಂತು, ಉತ್ತರ ಬರೆಯಲು ನಾನು ಹದಿಮೂರು ದಿನ ಮಾಡಿದೆ. ಈ ಸಲ ನೆಪ ಹೇಳುವುದಿಲ್ಲ. ನಿನ್ನ ಕಾಗದ ಓದಿ ಸಿಟ್ಟು ಬಂದಿತ್ತು. ನೀನು ಬರೆದದ್ದು ಸುಳ್ಳಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

"ಬಸ್‌ಸ್ಟಾಪಿನಲ್ಲಿ ನಿಂತು ಹೇಳಿದ್ದೆ ಅಕ್ಕಾ, ಇವರೆಲ್ಲ ಎಲ್ಲಿಗೆ ಹೋದರು ಅಂತ ಹುಡುಕೋಣ, ಪಕ್ಕದ ಮನೆಯವರನ್ನ ಕೇಳಿದ್ರೆ ಲೆಕ್ಕ ಕೆಡುತ್ತೆ ಅಂತ. ನೀನು ಏನಂದೆ ನೆನಪಿದೆಯಾ?" ಎಂದು ಕೇಳಿ, ಕೆಳಗೆ ನಾನು ಅಂದ ಮಾತನ್ನೂ ಬರೆದಿದ್ದೀಯ. ಮೊದಲು ನೆನಪಿಲ್ಲ ಅನ್ನಿಸಿತು. ಇಂಥ ಮಾತು ನಾನು ಆಡುವವಳೇ ಅಲ್ಲ ಎಂದು ನಿನ್ನ ಭಾವನ ಹತ್ತಿರ ಜಗಳಕ್ಕೇ ಹೋದೆ. ಅವರು ನಲ್ಲಿಯ ವಾಷರು ಹುಡುಕುತ್ತಾ "ಇದೇ ಮಾತನ್ನ ನನಗೂ ದಿನಾ ಅಂತೀಯಲ್ಲೇ" ಅಂದರು. ಆಗ ನೆನಪಾಯಿತು. ನಾನು ಅಂದದ್ದು ಇಷ್ಟು: "ನೀನು ಬಾಗಿಲು ತಟ್ಟು, ಯೋಚನೆ ನಾನು ಮಾಡ್ತೀನಿ."

ಪ್ರಬಂಧ ಸಲ್ಲಿಸಲು ಆರು ವಾರ ಉಳಿದಿತ್ತು. ನಾನೂರು ನಮೂನೆ ತುಂಬಿರಲೇಬೇಕು ಎಂದು ನನ್ನ ಗುರುಗಳು ಪಟ್ಟು ಹಿಡಿದಿದ್ದರು. ಮೊದಲ ಸಮೀಕ್ಷೆಗೆ ಆ ಪಕ್ಕದ ಮನೆಯ ನಿಯಮ ಸರಿಯೇ, ಯಾವ ಮನೆಯಾದರೂ ನಡೆಯುತ್ತದೆ. ಅದೇ ಜನರನ್ನು ಮತ್ತೆ ಹುಡುಕಿಕೊಂಡು ಹೋದಾಗ ಅದೇ ನಿಯಮ ಹಚ್ಚುವುದು ಶುದ್ಧ ಮೂರ್ಖತನ. ಇಪ್ಪತ್ತೆರಡು ವರ್ಷದ ನಿನಗೆ ಹೊಳೆದದ್ದು ಇಪ್ಪತ್ತೊಂಬತ್ತರ ಚಿನ್ನದ ಪದಕದವಳಿಗೆ ಹೊಳೆಯಲಿಲ್ಲವೇ ಎಂದು ನೀನು ಕೇಳಿಲ್ಲ. ದೊಡ್ಡ ಮನಸ್ಸು ನಿನ್ನದು. ಹೊಳೆದಿತ್ತು ಕಣೇ. ಹೊಳೆದದ್ದನ್ನು ಆರಿಸಿ ಮಲಗಿಬಿಟ್ಟೆ.

ನಿನ್ನ ತರಬೇತಿ ಕೇಂದ್ರದಲ್ಲಿ ಸಮೀಕ್ಷೆಗೆ ಹೋಗುವವರಿಗೆ ಮೊದಲ ದಿನದ ಮೊದಲ ಪಾಠವೇ ಇದು ಎಂದು ಬರೆದಿದ್ದೀಯಲ್ಲ, ಬೀಗವೂ ಒಂದು ಉತ್ತರ, ಅದನ್ನು ಹಾಗೇ ಬರೆದುಕೊಳ್ಳಿ, ಎಲ್ಲಿಗೆ ಹೋದರು ಎಂದು ಮೂರು ಜನರನ್ನು ಕೇಳಿ ಎಂದು. ನನ್ನಿಂದ ಕಲಿತದ್ದು ಎಂದು ಬೇರೆ ಸೇರಿಸಿದ್ದೀಯ. ಆ ಸಾಲಿಗೇ ನನಗೆ ಸಿಟ್ಟು ಬಂದದ್ದು.

ಹೋದ ವಾರ ಗುಮಾಸ್ತನನ್ನು ಕರೆದುಕೊಂಡು ಆ ಹಳೆಯ ಸ್ಥಳಾಂತರದ ಬಡಾವಣೆಗೆ ಹೋದೆ. ಎರಡು ಬಸ್ಸು, ಒಂದು ಗಂಟೆ ಐವತ್ತು ನಿಮಿಷ. ಮೂವತ್ತಮೂರು ವರ್ಷದಲ್ಲಿ ನಾನು ಅಲ್ಲಿಗೆ ಕಾಲಿಟ್ಟದ್ದು ಅದು ಮೂರನೇ ಸಲ. ಹಿಂದಿನ ಎರಡು ಸಲವೂ ಕಾರು, ಜೊತೆಗೆ ಫೋಟೋದವರು. ಈಗ ಮನೆಗಳ ಮೇಲೆ ಮನೆ ಎದ್ದಿವೆ, ಬಾಗಿಲಿಗೆ ಒಳ್ಳೆ ಬಣ್ಣ, ಮುಂದೆ ಸ್ಕೂಟರು. ಯಾರನ್ನು ಕೇಳಿದರೂ "ನಾವು ಆಮೇಲೆ ಬಂದವರು" ಅನ್ನುತ್ತಾರೆ. ಮೊದಲಿನವರು ಎಲ್ಲಿ ಎಂದರೆ ಭುಜ ಕುಣಿಸುತ್ತಾರೆ. ಕೊನೆಗೆ ಒಬ್ಬ ಅಂಗಡಿಯವನು "ಇಸ್ತ್ರಿ ಅಮ್ಮ ಇದ್ಳು. ಈಗ ಗಿರಣಿ ಹಿಂದೆ ಇರ್ಬೇಕು, ನೋಡಿ" ಅಂದ.

ಗಿರಣಿ ಹಿಂದೆ! ಗುಮಾಸ್ತ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಲಿಲ್ಲ.

ಮಾರನೆಯ ದಿನವೇ ಹೋದೆವು. ಎದುರಿಂದ ಒಬ್ಬರು ಬಂದರೆ ನಾವು ಗೋಡೆಗೆ ಅಂಟಿಕೊಳ್ಳಬೇಕು, ಅಂಥ ಓಣಿ. ತಗಡಿನ ಮಾಡಿನ ಕೆಳಗೆ ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದು ನನ್ನದೇ ವಯಸ್ಸಿನ ಹೆಂಗಸು ನಿಂತಿದ್ದಳು. ವಿಷಯ ಹೇಳಿದೆ. ಅವಳು ಇಸ್ತ್ರಿ ನಿಲ್ಲಿಸಲಿಲ್ಲ.

"ಮನೆ ಚೆನ್ನಾಗಿತ್ತಮ್ಮ, ಸುಳ್ಳು ಹೇಳ್ಬಾರ್ದು. ಗೋಡೆ ಗಟ್ಟಿ, ನೀರು ಒಳಗೇ. ಆದ್ರೆ ಅಲ್ಲಿ ಯಾರ ಬಟ್ಟೆ ಇಸ್ತ್ರಿ ಮಾಡ್ಲಿ? ಎಲ್ರೂ ನನ್ ಥರಾನೇ, ಒಗೆದು ಒದರಿ ಹಾಕ್ಕೊಳ್ಳೋ ಜನ. ಇಸ್ತ್ರಿ ಬೇಕಾದೋರು ಇಲ್ಲಿದ್ರು. ತಲೆ ಮೇಲೆ ಗಂಟು ಹೊತ್ಕೊಂಡು ಬಸ್ ಹತ್ತಿದ್ರೆ ಕಂಡಕ್ಟರು ಗಂಟಿಗೂ ಟಿಕೆಟ್ ತಗೋ ಅಂದ. ಇಳಿಯೋಷ್ಟರಲ್ಲಿ ಇಸ್ತ್ರಿ ಮಾಡಿದ್ದೆಲ್ಲ ಮುದ್ದೆ. ಹದಿನಾಲ್ಕು ತಿಂಗಳು ತಡ್ಕೊಂಡೆ. ಆಮೇಲೆ ಬೀಗ ಹಾಕ್ಕೊಂಡು ಬಂದ್ಬಿಟ್ಟೆ."

"ನಾವು ನಿಮ್ಮ ಮನೆಗೆ ಬಂದಿದ್ವಿ. ಮೂರು ಸಲ ಬಾಗಿಲು ತಟ್ಟಿದ್ವಿ," ಅಂದೆ. ನನ್ನ ಬಾಯಿಂದ ಅದು ಯಾಕೆ ಬಂತೋ ಕಾಣೆ. ಸಮಜಾಯಿಷಿ ಕೊಡಲು ಹೊರಟಿದ್ದೆ ಅನ್ನಿಸುತ್ತದೆ.

"ತಟ್ಟಿರ್ಬೋದು. ನಾನು ಇಲ್ಲಿದ್ನಲ್ಲ ತಾಯಿ. ಇಲ್ಲಿ ಬಂದು ತಟ್ಟಬೇಕಿತ್ತು."

ಆಮೇಲೆ ಅವಳು ಕೇಳಿದಳು, "ಈಗ ಮತ್ತೆ ಎತ್ತಂಗಡಿ ಅಂತಾರಲ್ಲ, ಹೌದಾ? ಯಾರೋ ಓದಿದೋರು ಲೆಕ್ಕ ಹಾಕಿ ಹೇಳವ್ರಂತೆ, ಒಂಬತ್ತು ಮೈಲೀಲಿ ಬದುಕ್ಬೋದು ಅಂತ." ಗುಮಾಸ್ತ ಓಣಿಯ ಆ ತುದಿಯವರೆಗೆ ನಡೆದುಬಿಟ್ಟ. ನಾನು ಒಂಬತ್ತು ಮೈಲಿಯಲ್ಲ ಕಿಲೋಮೀಟರ್ ಎಂದು ತಿದ್ದಿದೆ ಪುಟ್ಟೀ. ಅಷ್ಟೇ ನನಗೆ ಹೊಳೆದದ್ದು.

ಆ ಓಣಿಯಲ್ಲೇ ನಮ್ಮ ಹಳೆಯ ಪಟ್ಟಿಯ ಇಪ್ಪತ್ತಾರು ಮನೆಯವರು ಸಿಕ್ಕಿದರು. ನನ್ನ ನಿಯಮ ಹುಟ್ಟುವ ಮೊದಲೇ ಒಂದು ಸಲ ಹೋಗಿ ಕೆಟ್ಟವರು, ಈಗ ನನ್ನ ನಿಯಮದಿಂದ ಎರಡನೇ ಸಲ ಹೋಗಬೇಕಾದವರು.

ಸೋಮವಾರ ನಮ್ಮ ವಿಭಾಗದ ಮುಖ್ಯಸ್ಥನ ಹತ್ತಿರ ಹೋದೆ. ನನ್ನದೇ ಶಿಷ್ಯ, ನನ್ನ ಕೈಯಲ್ಲೇ ಪಿಎಚ್‌ಡಿ ಮಾಡಿದವನು. ಎಲ್ಲ ಕೇಳಿಸಿಕೊಂಡು ಎದ್ದು ಬಾಗಿಲು ಹಾಕಿದ. "ಮೇಡಂ, ನಾನು ಏನೂ ಕೇಳಿಸ್ಕೊಂಡಿಲ್ಲ ಅಂದ್ಕೊಳ್ಳಿ. ನಿಮ್ಮ ಸೂತ್ರದ ಮೇಲೆ ಏಳು ಜನರ ಪ್ರಬಂಧ ನಿಂತಿದೆ, ನಂದೂ ಸೇರಿ. ನಾಳೆ ಅದು ಬಿದ್ರೆ ನಮ್ಮನ್ನ ಯಾರು ಕೇಳ್ತಾರೆ? ನೀವೇನೋ ಮುಂದಿನ ವರ್ಷ ನಿವೃತ್ತಿಯಾಗಿ ಹೋಗ್ತೀರಿ." ಹಾಗಾದರೆ ಸಹಿ ಹಾಕಲೇ ಎಂದೆ. "ಹಾಕ್ಬೇಡಿ ಅಂತ ನಾನು ಹೇಳಕ್ಕಾಗುತ್ತಾ? ಹಾಕಿ ಅಂತಾನೂ ಹೇಳಲ್ಲ," ಅಂದ. ಆಹಾ, ಎಂಥ ಶಿಷ್ಯನನ್ನು ತಯಾರು ಮಾಡಿದ್ದೇನೆ ನೋಡು.

ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡು ಕೂತಿದ್ದೇನೆ. ಸಹಿ ಹಾಕಿದರೆ ಸಾವಿರದ ನೂರು ಮನೆ. ಹಾಕದೆ ಕಾರಣ ಹೇಳಿದರೆ ಏಳು ಜನರ ಬದುಕು, ನನ್ನ ಮೂವತ್ತಮೂರು ವರ್ಷ. ಅನಾರೋಗ್ಯವೆಂದು ಹೇಳಿ ಸಭೆಗೆ ಹೋಗದಿದ್ದರೆ ಹಳೆಯ ಲೇಖನವನ್ನೇ ಅಭಿಪ್ರಾಯವೆಂದು ಲಗತ್ತಿಸುತ್ತಾರಂತೆ, ಅದನ್ನೂ ವಿಚಾರಿಸಿದೆ. ಜ್ವರ ಬಂದರೂ ನನಗೆ ಬಿಡುಗಡೆ ಇಲ್ಲ.

ನಿನ್ನೆ ಬೆಳಿಗ್ಗೆ ತರಗತಿಯಲ್ಲಿ ಮತ್ತೆ ಅದೇ ಪಾಠ ಮಾಡಿದೆ. ಕಪ್ಪು ಹಲಗೆಯ ಮೇಲೆ ಸೂತ್ರ ಬರೆದು ತಿರುಗಿದರೆ ಅರವತ್ತು ತಲೆಗಳೂ ಬಗ್ಗಿ ಬರೆದುಕೊಳ್ಳುತ್ತಿದ್ದವು. ಒಬ್ಬರಾದರೂ ತಲೆಯೆತ್ತಿ ಪ್ರಶ್ನೆ ಕೇಳಲಿ ಎಂದು ಸುಮ್ಮನೆ ನಿಂತೆ. ಹಿಂದಿನ ಬೆಂಚಿನವನು ಕೇಳಿದ, "ಮೇಡಂ, ಇದು ಪರೀಕ್ಷೆಗೆ ಬರುತ್ತಾ?"

ಬರುತ್ತೆ ಅಂದೆ.

ನೀನು ಕಾಗದದ ಕೊನೆಯಲ್ಲಿ "ನಿಜ ಹೇಳಿಬಿಡು ಅಕ್ಕಾ, ಏನಾಗುತ್ತೋ ಆಗಲಿ, ನಾನಿದ್ದೇನೆ" ಎಂದು ಬರೆದಿದ್ದೀಯ. ಆ ಸಾಲನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಳ್ಳೋಣ ಅನ್ನಿಸಿತು. ನಾಟಕ ಬೇಡ ಎಂದು ಸುಮ್ಮನಾದೆ.

ನಿನ್ನ
ಅಕ್ಕ


ಮಾರ್ಚ್ ೩೦, ಭಾನುವಾರ

ನನ್ನ ಮುದ್ದು ಪುಟ್ಟಿಗೆ,

ನಿನಗೆ ನೂರು ಆಶೀರ್ವಾದ. ಸಭೆಯ ದಿನವೇ ಫೋನ್ ಮಾಡುತ್ತೇನೆ ಅಂದಿದ್ದೆ, ಮಾಡಲಿಲ್ಲ. ನೀನು ಮಾಡಿದ ಆರು ಫೋನನ್ನೂ ಎತ್ತಲಿಲ್ಲ. ಕ್ಷಮಿಸು. ಮೈ ಕೈ ಎಲ್ಲ ಸೋತು ಬಿದ್ದುಕೊಂಡಿದ್ದೆ. ಈಗ ಸಮಾಧಾನವಾಗಿ ಎಲ್ಲ ಬರೆಯುತ್ತೇನೆ.

ಮೊದಲು ಒಳ್ಳೆಯ ಸುದ್ದಿ. ಲಾರಿಗಳು ಹೋಗುವುದಿಲ್ಲ. ಸ್ಥಳಾಂತರವನ್ನು ಒಂದು ವರ್ಷ ತಡೆಹಿಡಿದಿದ್ದಾರೆ. ಹೊಸದಾಗಿ ಸಮೀಕ್ಷೆ ಮಾಡಬೇಕು, ಬೀಗ ಹಾಕಿದ ಮನೆಯವರನ್ನೆಲ್ಲ ಅವರು ಇರುವಲ್ಲಿಗೇ ಹೋಗಿ ಕೇಳಬೇಕು, ಅಲ್ಲಿಯವರೆಗೆ ಒಂಬತ್ತು ಕಿಲೋಮೀಟರಿನ ನಿಯಮವನ್ನು ಎಲ್ಲಿಯೂ ಬಳಸಬಾರದು ಎಂದು ತೀರ್ಮಾನವಾಯಿತು. ನಾನು ಹೇಳಿದೆ ಪುಟ್ಟೀ. ಹೇಳಿಯೇಬಿಟ್ಟೆ.

ಆ ಸಭೆಯ ಕೋಣೆ ಹೇಗಿದೆ ಗೊತ್ತಾ? ಕಿಟಕಿ ಇಲ್ಲ. ಬಾಗಿಲಿಗೆ ಕಾರ್ಡು ತೋರಿಸಿದರೆ ಮಾತ್ರ ತೆರೆಯುತ್ತದೆ, ಆ ಕಾರ್ಡು ತಜ್ಞರಿಗೆ ಕೊಟ್ಟಿಲ್ಲ. ಶೌಚಾಲಯಕ್ಕೆ ಹೋಗಬೇಕಾದರೂ ಯಾರಾದರೂ ಎದ್ದು ಬರಬೇಕು. ಹನ್ನೊಂದು ಜನ ಕೂತಿದ್ದೆವು, ಎದುರಿಗೆ ನಮ್ಮ ಮುಖ್ಯಸ್ಥ. ಆಯುಕ್ತರು ಒಳ್ಳೆಯವರು, ಆದರೆ ಗಡಿಯಾರ ನೋಡುವ ಚಾಳಿ. ನನ್ನ ಮುಂದೆ ಅಭಿಪ್ರಾಯದ ಹಾಳೆ ಇಟ್ಟು ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟರು, "ಮೇಡಂ, ನಿಮ್ಮ ಸೂತ್ರ, ನಿಮ್ಮ ಸಹಿ" ಎಂದು ನಗುತ್ತಾ.

"ಇದಕ್ಕೆ ಸಹಿ ಹಾಕಕ್ಕಾಗಲ್ಲ," ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಬೇಕಾಯಿತು. ಆಮೇಲೆ ಎಲ್ಲ ಹೇಳಿದೆ. ನಾನೂರು ಮನೆ, ಬೀಗ, ಪಕ್ಕದ ಮನೆ, ತೆರಿಗೆ ಪುಸ್ತಕ. ಗುಮಾಸ್ತನ ಹೆಸರು ಹೇಳಿ ಇದನ್ನು ಕಂಡುಹಿಡಿದವನು ಅವನೇ ಅಂದೆ. ಇಸ್ತ್ರಿ ಅಮ್ಮನ ಮಾತನ್ನೂ ಅವಳು ಹೇಳಿದ ಹಾಗೇ ಹೇಳಿದೆ. ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರು ಬಂತು, ಕನ್ನಡಕ ಒರೆಸುವ ನೆಪ ಮಾಡಿದೆ. ತಪ್ಪು ಹೇಗಾಯಿತು ಎಂದು ಕೇಳಿದರು, ಅದಕ್ಕೂ ಉತ್ತರ ಕೊಟ್ಟೆ.

ಬೈಯುತ್ತಾರೆ, ಹೊರಗೆ ಹಾಕುತ್ತಾರೆ ಅಂದುಕೊಂಡಿದ್ದೆ. ಏನಾಯಿತು ಅಂತೀಯ? ಆಯುಕ್ತರು ಎದ್ದು ನಿಂತು ಕೈಮುಗಿದರು. "ತನ್ನ ಕೆಲಸವನ್ನ ತಾನೇ ಪ್ರಶ್ನೆ ಮಾಡ್ಕೊಳ್ಳೋ ಧೈರ್ಯ ಎಷ್ಟು ಜನಕ್ಕಿರುತ್ತೆ?" ಅಂದರು. ಉಳಿದವರು ಮೇಜು ತಟ್ಟಿದರು. ಹೊಸ ಸಮೀಕ್ಷೆಗೆ ನಾನೇ ಅಧ್ಯಕ್ಷೆಯಾಗಬೇಕಂತೆ, ನಿವೃತ್ತಿಯನ್ನು ಎರಡು ವರ್ಷ ಮುಂದೆ ಹಾಕಲು ವಿಶ್ವವಿದ್ಯಾಲಯಕ್ಕೆ ಬರೆಯುತ್ತಾರಂತೆ. ಬಿಡಿಸಿಕೊಳ್ಳಲು ಹೋದವಳಿಗೆ ಇನ್ನೊಂದು ಗಂಟು ಬಿತ್ತು. ಮುಖ್ಯಸ್ಥ ಮೆಟ್ಟಿಲಿಳಿಯುವಾಗ ನನ್ನ ಚೀಲ ಹಿಡಿದುಕೊಂಡು "ಮೇಡಂ, ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ" ಅಂದ. ಅವನಿಗೆ ಗಾದೆಯೂ ನೆಟ್ಟಗೆ ಬರುವುದಿಲ್ಲ. ನನಗೆ ತಿದ್ದುವ ಶಕ್ತಿ ಇರಲಿಲ್ಲ.

ಗುಮಾಸ್ತ ಸಂಜೆ ಡಬ್ಬಿ ಸಮೇತ ಬಂದ. ಖುಷಿಪಡುತ್ತಾನೆ ಅಂದುಕೊಂಡೆ. ಸಭೆಯ ವಿವರ ಕೇಳಿಕೊಂಡು ಸುಮಾರು ಹೊತ್ತು ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತು, "ಸರಿ ಮೇಡಂ, ಜನ ಉಳಿದ್ರಲ್ಲ, ಅಷ್ಟು ಸಾಕು" ಎಂದು ಎದ್ದುಹೋದ.

ಮನೆಯಲ್ಲಿ ನಿನ್ನ ಭಾವ ಎಲ್ಲ ಕೇಳಿಸಿಕೊಂಡರು. ಅವರು ಕೇಳಿದ್ದು ಒಂದೇ ಮಾತು, "ಪುಟ್ಟಿಗೆ ಹೇಳಿದ್ಯಾ?" ಹೇಳುತ್ತೇನೆ ಅಂದೆ. ಎರಡು ದಿನದಿಂದ ದಿನಕ್ಕೆರಡು ಸಲ ಅದನ್ನೇ ಕೇಳುತ್ತಿದ್ದಾರೆ. ನಲ್ಲಿಗಳ ತಂಟೆಗೂ ಹೋಗಿಲ್ಲ.

ಇನ್ನು ನಿನ್ನ ವಿಚಾರ. ಮಂಡಿಗೆ ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚು. ಒಂದು ಉಣ್ಣೆಯ ಶಾಲೂ ಕಳಿಸಿದ್ದೇನೆ, ಬಣ್ಣ ನಿನಗೆ ಹಿಡಿಸದಿದ್ದರೂ ಹೊದೆದುಕೋ. ನಿನಗೆ ನಾನು ಏನೂ ಕೊಟ್ಟಿಲ್ಲ ಕಣೇ. ಆ ಬೇಸಿಗೆಯೆಲ್ಲ ನನಗೋಸ್ಕರ ಬಿಸಿಲಲ್ಲಿ ಅಲೆದೆ, ಚಪ್ಪಲಿ ಸವೆದು ಕಾಲು ಗುಳ್ಳೆ ಎದ್ದಿತ್ತು, ಅಮ್ಮ ನನ್ನನ್ನು ಬೈದಿದ್ದಳು. ನೀನು ಮಾತ್ರ ಒಂದು ದಿನ ಗೊಣಗಲಿಲ್ಲ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನ್ನ ಕೆಲಸಕ್ಕೆ, ನಿನ್ನ ಹೆಸರಿಗೆ ಯಾವ ಕುಂದೂ ಬಾರದಿರಲಿ. ನನ್ನ ಆಯಸ್ಸಿನಲ್ಲಿ ಉಳಿದ ಪುಣ್ಯವೇನಾದರೂ ಇದ್ದರೆ ಅದು ನಿನಗೆ ಸೇರಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ತಪ್ಪು ಹೇಗಾಯಿತು ಎಂದು ಕೇಳಿದರು ಅಂದೆನಲ್ಲ. ಆಯುಕ್ತರು ಕೇಳಿದ್ದು ಹೀಗೆ: "ಇದು ನಿಮ್ಮ ಯೋಜನೆಯಲ್ಲಾದ ತಪ್ಪೋ, ಅಲ್ಲಿ ಹೋಗಿ ಬರೆದುಕೊಂಡವರ ತಪ್ಪೋ?" ನನ್ನದು ಎಂದು ಹೇಳಲು ಬಾಯಿ ತೆರೆದೆ. ಮುಖ್ಯಸ್ಥ ನನ್ನನ್ನೇ ನೋಡುತ್ತಿದ್ದ. "ಅಲ್ಲಿ ಆಗಿದ್ದು," ಅಂದೆ. ಎರಡೇ ಶಬ್ದ. ಸಭೆಯ ವರದಿಯಲ್ಲಿ ಅದು ಹೀಗಾಗಿದೆ: "ಸಮೀಕ್ಷಾ ಸಹಾಯಕಿಯು ಸಂಶೋಧಕರ ಗಮನಕ್ಕೆ ತಾರದೆ, ತನ್ನ ಅನುಕೂಲಕ್ಕಾಗಿ, ಪಕ್ಕದ ಮನೆಗಳಿಂದ ಮಾಹಿತಿ ತುಂಬಿದ್ದು ಕಂಡುಬಂದಿದೆ." ಸಹಾಯಕಿ ಯಾರೆಂದು ನನ್ನ ಪ್ರಬಂಧದ ಮೊದಲ ಪುಟದಲ್ಲೇ ಇದೆ, ಕೃತಜ್ಞತೆ ಎಂದು ನಿನ್ನ ಪೂರ್ತಿ ಹೆಸರು ಬರೆದಿದ್ದೆ. ಹೊಸ ಸಮೀಕ್ಷೆಯವರಿಗೆ ನಿಮ್ಮ ಕೇಂದ್ರದಲ್ಲೇ ತರಬೇತಿ, ಹಾಗಾಗಿ ವರದಿಯ ಪ್ರತಿ ನಿಮ್ಮ ನಿರ್ದೇಶಕರಿಗೂ ಹೋಗಿದೆ. ಬುಧವಾರ ತಲುಪಬಹುದು. ತಪ್ಪು ನನ್ನದೆಂದು ತಿದ್ದಿಸಿದರೆ ತಜ್ಞೆಯ ಮಾತಿಗೇ ಬೆಲೆಯಿಲ್ಲವೆಂದು ತಡೆಯಾಜ್ಞೆಯನ್ನೂ ತೆಗೆದುಹಾಕಬಹುದು ಎಂದು ಮುಖ್ಯಸ್ಥ ಹೇಳುತ್ತಾನೆ. ಅದು ನಿಜವೋ, ನನಗೆ ಬೇಕಾಗಿದ್ದ ನೆಪವೋ, ನನಗೇ ತಿಳಿಯದು. ತಿದ್ದುಪಡಿ ಕೇಳಲು ಹದಿನೈದು ದಿನ ಅವಕಾಶವಿದೆ. ಪತ್ರ ಬರೆದು ಟೈಪೂ ಮಾಡಿಸಿದ್ದೇನೆ, ಈ ಕಾಗದದ ಪಕ್ಕದಲ್ಲೇ ಇದೆ. ಇದಕ್ಕೆ ಸಹಿ ಹಾಕಿದೆ. ಅದಕ್ಕೆ ಇನ್ನೂ ಹಾಕಿಲ್ಲ, ಪುಟ್ಟೀ.